ಸತ್ಯಾನಂದ ಮಾಸ್ತರರ ಇಪ್ಪತ್ನಾಲ್ಕು ಡಬ್ಬಿ

“ಆರು ದಿನ ಯಾಕ, ನೀ ಅರವತ್ತು ದಿನ ಹೋಗಿ ಬಾ. ನಾ ಒಬ್ಬಾವನ ರಾಜಾನಂಗ ಉಂಡಿರತೇನಿ” ಎಂದು ಸತ್ಯಾನಂದ ಮಾಸ್ತರರು ಘೋಷಿಸಿದಾಗ ಅವರ ಹೆಂಡತಿ ರಾಹೇಲ ಇಸ್ತ್ರಿ ಮಾಡುತ್ತಿದ್ದ ಸೀರೆಯಿಂದ ತಲೆ ಎತ್ತಲಿಲ್ಲ.

“ಯಾರ ಕೈಯಾಗಿಂದು ಉಣತೀರಿ?”

“ನನ್ನ ಕೈಯಾಗಿಂದು. ರವಿವಾರ ಒಂದ ದಿನ ನಿಂತು ಎಲ್ಲಾ ಅಡಗಿ ಮಾಡಿ, ಡಬ್ಬಿ ತುಂಬಿ, ಡೀಪ್ ಫ್ರಿಜ್ಜಿನ್ಯಾಗ ಬರ್ಫ ಮಾಡಿ ಇಟ್ಟಬಿಡತೇನಿ. ಹೊತ್ತಿಗೊಂದು ಡಬ್ಬಿ ತಗಿಯೋದು, ಬಿಸಿ ಮಾಡೋದು, ಉಣ್ಣೋದು. ಈಗ ಶಾಣ್ಯಾ ಮಂದಿ ಎಲ್ಲಾ ಹಿಂಗ ಮಾಡಾಕತ್ತಾರ.”

“ಯಾರು ಹೇಳಿದ್ರು?”

“ಫೋನಿನ್ಯಾಗ ನೋಡೇನಿ. ಒಬ್ಬಾಕಿ ಎರಡು ತಾಸಿನ್ಯಾಗ ಒಂದು ತಿಂಗಳದ ಅಡಗಿ ಮಾಡಿ ಮುಗಿಸಿದ್ಲು.”

“ಮಾಡಿದ್ದು ತೋರಿಸಿದ್ಲು, ಖರೇ. ಉಂಡಿದ್ದನ್ನ ತೋರಿಸಿದ್ಲೇನು?”

ಹುಬ್ಬಳ್ಳಿಯ ಬೆಂಗೇರಿಯ ಆ ಮನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಸಂಸಾರ ಹೀಗೇ ನಡೆದುಬಂದಿತ್ತು. ಮಾಸ್ತರರು ಮಿಶನ್ ಶಾಲೆಯಲ್ಲಿ ಚಿತ್ರಕಲೆ ಕಲಿಸುವವರು, ಘೋಷಣೆಗಳೆಲ್ಲ ಅವರವು. ರಾಹೇಲ ಆಸ್ಪತ್ರೆಯೊಂದರಲ್ಲಿ ಹಿರಿಯ ನರ್ಸು, ಪ್ರಶ್ನೆಗಳೆಲ್ಲ ಅವಳವು. ಈಗ ಅವಳಿಗೆ ಮಂಗಳೂರಿನಲ್ಲಿ ಸೋಮವಾರದಿಂದ ಶನಿವಾರದವರೆಗೆ ತರಬೇತಿ ಬಂದಿತ್ತು. ಅಷ್ಟು ದಿನ ಗಂಡನನ್ನು ಯಾರ ಕೈಗೆ ಒಪ್ಪಿಸಿ ಹೋಗುವುದೆಂಬುದು ಅವಳ ಚಿಂತೆಯಾಗಿತ್ತು.

ಚಿಂತೆಗೆ ಕಾರಣವೂ ಇತ್ತು. ಘೋಷಣೆಯಲ್ಲಿ ಹುಲಿಯಾದ ಮಾಸ್ತರರು ಉಳಿದೆಲ್ಲದರಲ್ಲೂ ಅಂಜುಬುರುಕರು. ಕುಕ್ಕರು ಸೀಟಿ ಹೊಡೆಯುವ ಲಕ್ಷಣ ಕಂಡರೆ ಅಂಗಳಕ್ಕೆ ಹೋಗಿ ನಿಲ್ಲುವರು. ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ ದನಿ ತಗ್ಗಿಸಿ ಮಾತಾಡುವರು. ಇಂಥವರು ಒಂಟಿಯಾಗಿ ನಿಂತು ಹನ್ನೆರಡು ಹೊತ್ತಿನ ಅಡುಗೆ ಮಾಡುತ್ತಾರೆಂದರೆ ಅದು ಸಣ್ಣ ಮಾತೇನಲ್ಲ. ಹನ್ನೆರಡಷ್ಟೇ ಏಕೆ ಎನ್ನಿಸಿ, ಹೇಗೂ ಮಾಡುವುದೇ ಆಯಿತಲ್ಲ ಎಂದು ಅವರು ಇಪ್ಪತ್ನಾಲ್ಕು ಡಬ್ಬಿ ಕೊಂಡು ತಂದರು.

ಭಾನುವಾರ ರಾಹೇಲಳಿಗೆ ಮುಂಜಾನೆಯ ಡ್ಯೂಟಿ. ಅವಳು ಅತ್ತ ಹೋದದ್ದೇ ಮಾಸ್ತರರು ಇತ್ತ ಸೊಂಟಕ್ಕೆ ಟವೆಲ್ಲು ಬಿಗಿದರು. ಫೋನಿನಲ್ಲಿದ್ದ ಲೆಕ್ಕ ನಾಲ್ಕು ಜನರದು. ಮಾಸ್ತರರು ಬೇಳೆಯನ್ನು ಹನ್ನೆರಡರಿಂದ ಗುಣಿಸಿದರು. ಉಪ್ಪು, ಖಾರ, ಅರಿಶಿನಗಳನ್ನೂ ಹನ್ನೆರಡರಿಂದಲೇ ಗುಣಿಸಿದರು. ಅಷ್ಟಾದರೂ ಬಣ್ಣ ತೃಪ್ತಿ ಕೊಡದೆ, ಚಿತ್ರಕಾರನ ಕಣ್ಣಿಗೆ ಕಂಡಷ್ಟು ಅರಿಶಿನವನ್ನು ಮತ್ತೆ ಸೇರಿಸಿದರು. ಹನ್ನೆರಡು ಸಿವುಡು ಪುಂಡಿಪಲ್ಯದ ಎಲೆ ಬಿಡಿಸುವಷ್ಟರಲ್ಲಿ ಬೆರಳು ಸೋತು ಹೋಗಿ, ತೊಳೆಯುವ ಕೆಲಸವನ್ನು ಒಂದೇ ನೀರಿಗೆ ಮುಗಿಸಿದರು. ಮಡಕಿಕಾಳು ಕುಕ್ಕರಿನಲ್ಲಿದ್ದಾಗ ಅವರು ಅಂಗಳದಲ್ಲಿದ್ದುದರಿಂದ ಎಷ್ಟು ಸೀಟಿಯಾದವೆಂಬುದು ಯಾರಿಗೂ ತಿಳಿಯಲಿಲ್ಲ. ತೆಗೆದು ನೋಡಿದರೆ ಕಾಳು ಎಂಬ ಪದಾರ್ಥ ಇರಲಿಲ್ಲ.

ಆದರೂ ನಾಲ್ಕು ಗಂಟೆಗೆ ರಾಹೇಲ ಮನೆಗೆ ಬಂದಾಗ ಇಪ್ಪತ್ನಾಲ್ಕು ಡಬ್ಬಿಗಳೂ ಬಣ್ಣದ ಟೇಪು ಸುತ್ತಿಕೊಂಡು ಮೇಜಿನ ಮೇಲೆ ಕವಾಯತಿಗೆ ನಿಂತಂತೆ ನಿಂತಿದ್ದವು.

“ಹಳದಿ ಟೇಪು ಬ್ಯಾಳಿ, ಹಸರು ಟೇಪು ಪುಂಡಿಪಲ್ಯ, ಕಂದು ಟೇಪು ಮಡಕಿಕಾಳು” ಎಂದು ಮಾಸ್ತರರು ವಿವರಿಸಿದರು.

ರಾಹೇಲ ಒಂದು ಡಬ್ಬಿಯ ಮುಚ್ಚಳ ತೆಗೆದು ನೋಡಿ ಮುಚ್ಚಿದಳು. ಬಸ್ಸಿಗೆ ಹೊತ್ತಾಗಿತ್ತು. ಹಿಂದಿನ ವರಾಂಡದಲ್ಲಿ ಒಂದು ಹಳೆಯ ಡೀಪ್ ಫ್ರಿಜ್ಜಿತ್ತು; ಹಳೇ ಹುಬ್ಬಳ್ಳಿಯಲ್ಲಿ ಐಸ್‌ಕ್ರೀಮ್ ಅಂಗಡಿಯೊಂದು ಮುಚ್ಚಿದಾಗ ಕೊಂಡದ್ದು. ಗಂಡ ಹೆಂಡತಿ ಇಬ್ಬರೂ ಸೇರಿ ಡಬ್ಬಿಗಳನ್ನು ಅದರಲ್ಲಿ ಜೋಡಿಸಿದರು. ಹೊಸ್ತಿಲು ದಾಟುವಾಗ ರಾಹೇಲ ತಿರುಗಿ ನಿಂತಳು.

“ಒಂದ ಮಾತು ನೆನಪಿಡ್ರಿ. ಬರ್ಫ ಆಗಿದ್ದು ಪೂರಾ ಕರಗಿ ಬೆಚ್ಚಗಾತು ಅಂದ್ರ, ಮತ್ತ ಬರ್ಫ ಮಾಡಿ ಉಣ್ಣಬಾರದು. ಅಂಥಾದ್ದು ಉಂಡವರನ್ನ ನಾ ವಾರ್ಡಿನ್ಯಾಗ ನೋಡೇನಿ.”

ಏನು ನೋಡಿದ್ದಾಳೆಂದು ಅವಳು ಹೇಳಲಿಲ್ಲ. ಮಾಸ್ತರರು ಕೇಳಲೂ ಇಲ್ಲ.

ಸೋಮವಾರ ರಾಹೇಲ ಫೋನ್ ಮಾಡಿ, “ಊಟ ಆತೇನ್ರಿ?” ಎಂದಳು. “ಭರ್ಜರಿ ಆತು” ಎಂದರು ಮಾಸ್ತರರು. ಮಂಗಳವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಬುಧವಾರ ಮುಂಜಾನೆ ಅವಳಿಗೆ ಗಂಡನ ಮೇಲೆ ಅಭಿಮಾನ ಉಕ್ಕಿತು.

“ಅಷ್ಟು ಛಲೋ ಆಗಿದ್ರ ಒಂದು ಉಪಕಾರ ಮಾಡ್ರಿ. ನಮ್ಮ ಚರ್ಚಿನ ಪಾಸ್ಟರ್ ಡೆನ್ನಿಸ್ ಅವರ ಹೆಂಡತಿ ಜೆಸ್ಸಿಕಾ ಕೈ ಮುರಕೊಂಡಾಳ, ಪ್ಲಾಸ್ಟರ್ ಹಾಕ್ಯಾರ. ಒಲಿ ಮುಂದ ನಿಲ್ಲಾಕ ಆಗವಲ್ದು. ಅವರಿಗೆ ಮೂರು ಡಬ್ಬಿ ಕೊಡ್ರಿ. ಮತ್ತ ನಮ್ಮ ಓಣಿ ಗುಲ್ಜಾರಬಿಗೂ ಒಂದು ಬ್ಯಾಳಿ ಡಬ್ಬಿ ಕೊಡ್ರಿ. ಮುದುಕಿ ಪಿತ್ತಕೋಶದ ಆಪರೇಶನ್ ಆಗಿ ಮೊನ್ನೆ ಮನಿಗೆ ಬಂದೈತಿ.”

“ಅವರಿಗೆ… ನಡದೀತೇನು?” ಎಂದು ಮಾಸ್ತರರು ತಡವರಿಸಿದರು.

“ಬ್ಯಾಳಿ ಯಾಕ ನಡಿಯಂಗಿಲ್ರಿ? ಖಾರ ಸ್ವಲ್ಪ ಐತಿ ಹೌದಿಲ್ರಿ?”

ಸ್ವಲ್ಪವೋ ಅಲ್ಲವೋ ಹೇಳದೆ ಮಾಸ್ತರರು ಫೋನ್ ಇಟ್ಟರು. ಅದೇ ಮುಂಜಾನೆ ಡಬ್ಬಿಗಳು ಮನೆ ಬಿಟ್ಟು ಹೊರಟವು. ಎಲ್ಲವೂ ಕಲ್ಲಿನಂತೆ ಗಟ್ಟಿಯಾಗಿದ್ದವು. ಗುಲ್ಜಾರಬಿಯ ಮಗ ವಸೀಮ ಬಾಗಿಲಲ್ಲೇ ಡಬ್ಬಿ ತೆಗೆದುಕೊಂಡು ಎದೆಗೆ ಕೈಯಿಟ್ಟು ಸಲಾಮು ಹೇಳಿದ. ಜೆಸ್ಸಿಕಾ ಕಣ್ಣಲ್ಲಿ ನೀರು ತಂದುಕೊಂಡಳು. ಈ ಉಪಚಾರದಿಂದ ಉಬ್ಬಿದ ಮಾಸ್ತರರು ಶಾಲೆಯಲ್ಲಿ ಆಟದ ಮಾಸ್ತರು ಶಾಂತಯ್ಯನಿಗೂ ಒಂದು ಹಳದಿ ಡಬ್ಬಿ ದಯಪಾಲಿಸಿದರು.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಪಕ್ಕದ ಮನೆಯ ಜಯಮಾಲಾ ಒಂದು ತಟ್ಟೆ ಸಂಡಿಗೆ ಹಿಡಿದು ಬಂದಳು. ಮನೆಯ ಇನ್ನೊಂದು ಕೀಲಿ ಯಾವಾಗಲೂ ಅವಳ ಹತ್ತಿರವೇ ಇರುತ್ತಿತ್ತು. ತಟ್ಟೆ ಕೊಟ್ಟವಳು ಹೋಗದೆ ಸೆರಗಿನ ತುದಿ ಸುತ್ತುತ್ತ ನಿಂತಳು.

“ಸರ, ಒಂದು ಮಾತು ಐತ್ರಿ. ಸಿಸ್ಟರ್ ಅವರಿಗೆ ಹೇಳಬ್ಯಾಡ್ರಿ ಮತ್ತ.”

“ಏನ್ರಿ ಅದು?”

“ಸೋಮವಾರ ಮುಂಜಾನಿ ನಮ್ಮ ಮನಿ ವೈರ್ ಸುಟ್ಟಿತ್ತ್ರಿ. ಸಂಡಗಿಗೆ ರುಬ್ಬೋದಿತ್ತು. ನೀವು ಸಾಲಿಗೆ ಹೋಗಿದ್ರಿ, ಗ್ರೈಂಡರ್ ತಂದು ನಿಮ್ಮ ಹಿಂದಿನ ವರಾಂಡದಾಗ ರುಬ್ಬಿದ್ನಿ. ಅಲ್ಲೆ ಇರೋದು ಒಂದ ಪ್ಲಗ್ಗು. ನಿಮ್ಮ ಡೀಪ್ ಫ್ರಿಜ್ಜಿಂದು ಕಿತ್ತಿದ್ನಿರಿ.”

“ಮತ್ತ ಹಚ್ಚಿದ್ರಲ್ಲಾ?”

“ಹಚ್ಚಿದ್ನಿರಿ… ಮಂಗಳವಾರ ಸಂಜಿಮುಂದ ನೆನಪಾದ ಮ್ಯಾಲೆ.”

ಮಾಸ್ತರರು ಸಂಡಿಗೆಯ ತಟ್ಟೆಯನ್ನು ಕೆಳಗಿಟ್ಟರು.

“ಕೆಳಗ ನೀರು ನಿಂತಿತ್ತು, ನಾನ ಒರಸೇನ್ರಿ. ಡಬ್ಬಿ ಸ್ವಲ್ಪ ಬೆಚ್ಚಗಿದ್ದವು. ಆದರ ನಿನ್ನೆ ನೋಡಿದ್ರ ಎಲ್ಲಾ ಮೊದಲಿನಂಗ ಗಟ್ಟಿ ಆಗಿದ್ದವಲ್ಲ. ಇನ್ನ ಏನೂ ಆಗಂಗಿಲ್ಲ ಅಂತ ಸುಮ್ಮನಾದ್ನಿ” ಎಂದು ಜಯಮಾಲಾ ಸಮಾಧಾನ ಹೇಳಿದಳು.

ಮಾರ್ಚ್ ಕೊನೆಯ ಹುಬ್ಬಳ್ಳಿಯ ಬಿಸಿಲು. ತಗಡಿನ ವರಾಂಡ. ಒಂದೂವರೆ ದಿನ. ಮಾಸ್ತರರ ಕಣ್ಣ ಮುಂದೆ ರಾಹೇಲ ಹೊಸ್ತಿಲ ಮೇಲೆ ತಿರುಗಿ ನಿಂತಳು. ‘ವಾರ್ಡಿನ್ಯಾಗ ನೋಡೇನಿ’ ಎಂದಿದ್ದಳು. ಈಗ ಆ ವಾರ್ಡಿನಲ್ಲಿ ಸಾಲಾಗಿ ಮಂಚಗಳು ಕಂಡವು. ಮೊದಲ ಮಂಚದ ಮೇಲೆ ಗುಲ್ಜಾರಬಿ, ಎರಡನೆಯದರ ಮೇಲೆ ಪಾಸ್ಟರು, ಮೂರನೆಯದರ ಮೇಲೆ ಪ್ಲಾಸ್ಟರ್ ಕೈಯ ಜೆಸ್ಸಿಕಾ, ನಾಲ್ಕನೆಯದಕ್ಕೆ ಹಿಡಿಸಲಾರದೆ ಕಾಲು ಹೊರಚಾಚಿದ ಶಾಂತಯ್ಯ. ಬಾಗಿಲಲ್ಲಿ ಪೊಲೀಸರು. ಮಾಸ್ತರರು ಶಾಲೆಗೆ ಫೋನ್ ಮಾಡಿ ರಜೆ ಹಾಕಿದರು. ಕಾರಣ ಕೇಳಿದಾಗ “ಹೊಟ್ಟಿ ವಿಷಯ” ಎಂದರು. ಯಾರ ಹೊಟ್ಟೆ ಎಂದು ಹೇಳಲಿಲ್ಲ.

ಮೊದಲು ಓಣಿಯ ತುದಿಯ ಗುಲ್ಜಾರಬಿಯ ಮನೆ. ಬಾಗಿಲಲ್ಲಿ ವಸೀಮ ನಿಂತಿದ್ದ. ಮಾರ್ಕೆಟ್ಟಿನಲ್ಲಿ ಎರಡು ಚೀಲ ಉಳ್ಳಾಗಡ್ಡಿ ಒಟ್ಟಿಗೆ ಎತ್ತುವ ಆಳು. ಅವನ ತೋಳುಗಳನ್ನು ನೋಡುತ್ತಲೇ ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದರು.

“ಅಮ್ಮಾ ಹ್ಯಾಂಗದಾರಪಾ?”

“ಮಲಗ್ಯಾರ್ರಿ ಸರ. ನಿನ್ನೆ ನಿಮ್ಮ ಬ್ಯಾಳಿ ಏನು ಖುಷಿಲಿಂದ ಉಂಡ್ರ್ರಿ. ಡಬ್ಬಿ ನೆಕ್ಕಿ ಇಟ್ರು.”

“ಪೂರಾ ಡಬ್ಬಿ?”

“ಒಂದು ಹನಿ ಉಳಿಸಲಿಲ್ರಿ. ದುವಾ ಮಾಡಿದ್ರು ನಿಮಗ.”

ದುವಾ ಎಷ್ಟು ಹೊತ್ತು ಕೆಲಸ ಮಾಡೀತು ಎಂದು ಮಾಸ್ತರರು ಲೆಕ್ಕ ಹಾಕತೊಡಗಿದರು. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ವಸೀಮ ಸುಮ್ಮನೆ ಮೈ ಮುರಿದ. ಮಾಸ್ತರರು ಬಾಯಿ ಮುಚ್ಚಿ ಸ್ಕೂಟರ್ ಹತ್ತಿದರು.

ಪಾಸ್ಟರ್ ಡೆನ್ನಿಸ್ ಅಂಗಳದ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಮಾಸ್ತರರು ಹತ್ತಿರ ಹೋಗಿ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡಿದರು. ಪಾಸ್ಟರ್ ಕಣ್ಣು ಬಿಟ್ಟರು.

“ಏನು ಸತ್ಯಾನಂದ?”

“ನೊಣ ಕೂತಿತ್ರಿ. ಡಬ್ಬಿ… ಊಟ…?”

“ಆಹಾ. ಮೂರೂ ಡಬ್ಬಿ ನಿನ್ನೇ ಮುಗಿಸೀವಿ. ನಿಮ್ಮ ಕೈಯಾಗ ಇಂಥಾ ವರ ಐತಿ ಅಂತ ಗೊತ್ತಿರಲಿಲ್ಲ. ಹೌದಿಲ್ಲೋ ಜೆಸ್ಸಿಕಾ?”

“ಹೂಂರಿ, ನಾನಂತೂ ಎರಡು ಸಲ ಹಾಕಿಸಿಕೊಂಡ್ನಿ” ಎಂದಳು ಬಾಗಿಲಲ್ಲಿ ಜೆಸ್ಸಿಕಾ.

ಹೊಗಳಿಕೆಗಾಗಿ ಜೀವಮಾನವಿಡೀ ಕಾದ ಮನುಷ್ಯ ಮಾಸ್ತರರು. ಇಂದು ಒಂದೊಂದು ಹೊಗಳಿಕೆಯೂ ಮೈಮೇಲೆ ಬಿಸಿನೀರು ಸುರಿದಂತಾಯಿತು. “ನಿಮಗೇನೂ ತಲಿ ತಿರುಗೋದು, ಹೊಟ್ಟಿ ಹಿಡಿಯೋದು…” ಎಂದು ಶುರುಮಾಡಿದರು.

“ಸ್ವಲ್ಪ ಜಡ ಅನಸ್ತೈತಿ, ಬಿಸಿಲಿಗೆ” ಎಂದು ಪಾಸ್ಟರ್ ಆಕಳಿಸಿದರು.

ಜಡ! ಅದೇ ಮೊದಲ ಲಕ್ಷಣವಿರಬೇಕು. ಮಾಸ್ತರರಿಗೆ ಅಲ್ಲಿ ನಿಲ್ಲುವ ಧೈರ್ಯವಾಗಲಿಲ್ಲ. ಉಳಿದವನು ಶಾಂತಯ್ಯ. ಅವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್ ಆಗಿತ್ತು. ಶಾಲೆಗೆ ಮಾಡಿದರೆ, ಅವನೂ ಇವತ್ತು ಬಂದಿಲ್ಲವೆಂದರು. ಉಣಕಲ್ಲಿನ ಅವನ ಮನೆಯವರೆಗೆ ಮಾಸ್ತರರು ಸ್ಕೂಟರನ್ನು ಹೇಗೆ ಓಡಿಸಿದರೋ ಅವರಿಗೇ ಗೊತ್ತಾಗಲಿಲ್ಲ. ಕೆರೆಯ ಹತ್ತಿರ ಒಂದು ಆಂಬುಲೆನ್ಸ್ ಎದುರಾದಾಗ ಬದಿಗೆ ನಿಲ್ಲಿಸಿ ತಲೆ ತಗ್ಗಿಸಿದರು.

ಬಾಗಿಲು ತೆಗೆದ ಶಾಂತಯ್ಯನ ಹೆಂಡತಿ ಇವರನ್ನು ನೋಡಿದ್ದೇ ಸೊಂಟಕ್ಕೆ ಕೈಯಿಟ್ಟಳು.

“ಛಲೋ ಬಂದ್ರಿ ನೋಡ್ರಿ ಸರ. ಏನು ಹಾಕಿದ್ರಿ ಆ ಡಬ್ಬಿಯೊಳಗ? ನಿನ್ನೆ ಸಂಜಿಮುಂದ ಅದನ್ನ ಉಂಡಾರಂತ, ಹೊಟ್ಟಿ ಕೆಟ್ಟು ಮುಂಜಾನಿಂದ ಏಳು ಸಲ ಹೋಗಿ ಬಂದಾರ.”

ಮಾಸ್ತರರು ಗೋಡೆ ಹಿಡಿದು ಒಳಗಿನ ಕೋಣೆಗೆ ಹೋದರು. ಆರಡಿ ಶಾಂತಯ್ಯ ಚಾದರ ಹೊದ್ದು ಮಲಗಿದ್ದ. ಮಾಸ್ತರರು ಮಂಚದ ಬದಿಗೆ ಕುಸಿದು ಅವನ ಕೈ ಹಿಡಿದುಕೊಂಡರು. ಪ್ಲಗ್ಗು, ಸಂಡಿಗೆ, ಒಂದೂವರೆ ದಿನ ಎಲ್ಲವೂ ಒಂದೇ ಉಸಿರಿನಲ್ಲಿ ಹೊರಬಂದವು.

“ಶಾಂತಯ್ಯ, ನನ್ನಿಂದ ನಿನ್ನ ಜೀವಕ್ಕ ಬಂತು. ಏಳು, ದವಾಖಾನಿಗೆ ಹೋಗೂಣು. ಏನೇನಾಗ್ತೈತಿ ಎಲ್ಲಾ ನಾ ನೋಡ್ಕೋತೇನಿ. ಪೊಲೀಸರಿಗೂ ನಾನ ಹೇಳತೇನಿ.”

ಶಾಂತಯ್ಯ ಮೊದಲು ಬಾಗಿಲ ಕಡೆ ನೋಡಿದ. ಹೆಂಡತಿ ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿಯಾದ ಮೇಲೆ ಮೊಣಕೈ ಊರಿ ಎದ್ದು ಪಿಸುಗುಟ್ಟಿದ.

“ಅಳಬ್ಯಾಡ್ರಿ ಸರ. ನಿನ್ನೆ ಗೆಳೆಯಾನ ಅಂಗಡ್ಯಾಗ ಹನ್ನೊಂದು ಮೆಣಸಿನಕಾಯಿ ಬಜಿ ತಿಂದೇನಿ. ಡಾಕ್ಟರು ಕರದಿದ್ದು ಬಿಡು ಅಂದಾರ, ಇಕಿಗೆ ಗೊತ್ತಾದ್ರ ಮನಿ ಬಿಡಸ್ತಾಳ. ಅದಕ್ಕ ತಪ್ಪು ನಿಮ್ಮ ಡಬ್ಬಿ ಮ್ಯಾಲೆ ಹಾಕಿದ್ನಿ.”

“ಹಂಗಾರ ಡಬ್ಬಿ?”

“ಬ್ಯಾಗಿನ್ಯಾಗ ಐತ್ರಿ. ಮುಚ್ಚಳಾ ತಗದ್ನಿ, ಅದರ ಬಣ್ಣಕ್ಕ ಅಂಜಿ ಮುಚ್ಚಿದ್ನಿ. ಸಿಟ್ಟು ಮಾಡಬ್ಯಾಡ್ರಿ.”

ಸಿಟ್ಟೆಲ್ಲಿಂದ ಬರಬೇಕು? ತಮ್ಮ ಅಡುಗೆಯ ನಿಂದೆಯನ್ನು ಕೇಳಿ ಮಾಸ್ತರರು ಶಾಂತಯ್ಯನ ಹಣೆಗೆ ಮುತ್ತಿಟ್ಟರು. ಹೊರಗೆ ಬರುವಷ್ಟರಲ್ಲಿ ಅವರ ತಲೆಯಲ್ಲಿ ಒಂದು ಆಸೆ ಮಿಂಚಿತು: ಇವನು ಸುಳ್ಳು ಹೇಳಿದ್ದರೆ ಪಾಸ್ಟರೂ ಏಕೆ ಹೇಳಿರಬಾರದು? ಹನ್ನೊಂದನೆಯ ವಯಸ್ಸಿನಿಂದ, ಅಡುಗೆಯ ಈ ಒಂದು ಭಾನುವಾರದ ಹೊರತು, ಚರ್ಚು ತಪ್ಪಿಸದ ಸತ್ಯಾನಂದ ಮಾಸ್ತರರು, ತಮ್ಮ ಸಭಾಪಾಲಕರು ಸುಳ್ಳುಗಾರರಾಗಿರಲಿ ಎಂದು ಮನಸಾರೆ ಪ್ರಾರ್ಥಿಸಿ ಫೋನ್ ಹಚ್ಚಿದರು. ಪ್ಲಗ್ಗಿನ ಕಥೆ ಹೇಳಿ, “ಪಾಸ್ಟರ್, ಈಗ ಖರೇ ಹೇಳ್ರಿ, ಉಂಡೀರೋ ಇಲ್ಲೋ?” ಎಂದರು.

ಆ ಕಡೆ ಫ್ರಿಜ್ಜಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು.

“ಸತ್ಯಾನಂದ, ದೇವರು ನನ್ನ ಕ್ಷಮಿಸಲಿ. ಮೂರೂ ಡಬ್ಬಿ ಹಾಲಿನ ಹಿಂದ ಹಂಗ ಅದಾವ. ಪುಂಡಿಪಲ್ಯ ಬಾಯಾಗ ಹಾಕಿದ ಕೂಡ್ಲೆ ಹಲ್ಲಿಗೆ ಮಳಲು ಸಿಕ್ಕಿತು, ಉಗುಳಿಬಿಟ್ನಿ. ಉಳದದ್ದು ಚೆಲ್ಲಾಕ ಮನಸ್ಸಾಗಲಿಲ್ಲ, ಪ್ರೀತಿಲೆ ಕೊಟ್ಟದ್ದು.”

“ನಿಮಗ ಒಳ್ಳೇದಾಗಲಿ ಪಾಸ್ಟರ್” ಎಂದು ಮಾಸ್ತರರು ಹರಸಿ ಫೋನ್ ಇಟ್ಟರು. ಈಗ ಉಳಿದದ್ದು ಒಂದೇ ಹೊಟ್ಟೆ. ಆದರೆ ಅದು ಎಲ್ಲಕ್ಕಿಂತ ಮೆತ್ತಗಿನದು, ಹತ್ತು ದಿನದ ಹಿಂದೆ ಹೊಲಿಗೆ ಹಾಕಿಸಿಕೊಂಡದ್ದು. ವಸೀಮ ಏನು ಬೇಕಾದರೂ ಮಾಡಲಿ, ಹೋಗಿ ಹೇಳಿಯೇಬಿಡುತ್ತೇನೆಂದು ನಿಶ್ಚಯಿಸಿ ಓಣಿಗೆ ಬಂದರೆ ಗುಲ್ಜಾರಬಿಯ ಮನೆಗೆ ಬೀಗ ಬಿದ್ದಿತ್ತು. ಎದುರಿಗೆ ಜಯಮಾಲಾ ನಿಂತಿದ್ದಳು.

“ಈಗ ಆಟೋದಾಗ ದವಾಖಾನಿಗೆ ಕರಕೊಂಡು ಹೋದ್ರು ನೋಡ್ರಿ ಸರ.”

ಮಾಸ್ತರರು ಮುದುಕಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಬಿಸಿಲು ನೆತ್ತಿಗೆ ಬಂತು. ಜಯಮಾಲಾ ನೀರು ತಂದು ಕೊಟ್ಟರೂ ಕುಡಿಯಲಿಲ್ಲ. ಪ್ರತಿ ರಂಜಾನಿಗೂ ಬಟ್ಟಲು ತುಂಬ ಶ್ಯಾವಿಗೆಯ ಸುರಕುಂಬಾ ಕಳಿಸುವ ಮುದುಕಿ, ರಾಹೇಲಳಿಗೆ ಜ್ವರ ಬಂದಾಗ ಮೂರು ದಿನ ಗಂಜಿ ಕಾಸಿ ತಂದವಳು. ಅವಳಿಗೆ ತಾನು ಕೊಟ್ಟದ್ದೇನು? ಒಂದು ಗಂಟೆ ಕಳೆಯಿತು. ಆ ಒಂದು ಗಂಟೆಯಲ್ಲಿ ಮಾಸ್ತರರು ಅಂಜಲಿಲ್ಲ. ಅಂಜಿಕೆಯನ್ನೂ ದಾಟಿದ ಜಾಗವೊಂದಿದೆ, ಅಲ್ಲಿ ಸುಮ್ಮನೆ ಕೂತಿದ್ದರು.

ಆಟೋ ಬಂತು. ವಸೀಮ ಇಳಿದು ತಾಯಿಯನ್ನು ಮೆಲ್ಲಗೆ ಇಳಿಸಿದ. ಗುಲ್ಜಾರಬಿ ತನ್ನ ಕಾಲ ಮೇಲೆ ನಿಂತಳು.

“ಹೊಲಿಗಿ ಬಿಚ್ಚಿಸಿಕೊಂಡು ಬಂದ್ವಿ ಸರ. ನೀವ್ಯಾಕ ಬಿಸಲಾಗ ಕುಂತೀರಿ?” ಎಂದ ವಸೀಮ.

ಮಾಸ್ತರರು ಎದ್ದು ನಿಂತು, ಅವನ ತೋಳುಗಳ ಕಡೆ ನೋಡದೆ, ನಡೆದದ್ದನ್ನೆಲ್ಲ ಹೇಳಿದರು. ಹೇಳಿ ಮುಗಿಸಿ ಕಣ್ಣು ಮುಚ್ಚಿದರು. ಏಟು ಬೀಳಲಿಲ್ಲ. ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಲ್ಜಾರಬಿ ಹೊಟ್ಟೆಯ ಗಾಯಕ್ಕೆ ಕೈ ಒತ್ತಿ ಹಿಡಿದು ನಗತೊಡಗಿದಳು.

“ಯಾ ಅಲ್ಲಾ. ನಗಸಬ್ಯಾಡೋ ಬೇಟಾ, ನೋಯತೈತಿ. ನಾಲಗಿ ತುದಿಗೆ ಹಚ್ಚಿದ್ನಿ, ಸಮುದ್ರದ ನೀರು. ನಿನ್ನ ಮನಸ್ಸು ನೋಯಬಾರದಂತ ಇವಗ ಹಂಗ ಹೇಳು ಅಂದ್ನಿ. ಬ್ಯಾಳಿ ನಮ್ಮ ಆಡಿನ ಮುಂದ ಇಟ್ಟಿದ್ನಿ.”

“ಆಡು ಹ್ಯಾಂಗೈತ್ರಿ?” ಎಂದು ಮಾಸ್ತರರು ಚೀರಿದಂತೆ ಕೇಳಿದರು.

“ಅದಕ್ಕೇನಾಗೈತಿ? ಒಮ್ಮೆ ಮೂಸಿ ನೋಡಿ, ಹೋಗಿ ಗ್ವಾಡಿ ಸುಣ್ಣಾ ನೆಕ್ಕಿತು.”

ಸಂಜೆ ರಾಹೇಲಳ ಫೋನ್ ಬಂತು. ಮಾಸ್ತರರ ಮನಸ್ಸು ಹತ್ತಿಯಂತೆ ಹಗುರಾಗಿತ್ತು. ಜಯಮಾಲಾಳ ಹೆಸರೊಂದನ್ನು ಬಿಟ್ಟು, ಪ್ಲಗ್ಗು ಹೇಗೋ ಕಳಚಿತ್ತೆಂದು ಹೇಳಿ, ತಾವು ಪಟ್ಟ ಪಾಡನ್ನೆಲ್ಲ ರಸವತ್ತಾಗಿ ವರ್ಣಿಸಿದರು. ಯಾರೂ ಉಂಡಿರಲಿಲ್ಲವೆಂಬಲ್ಲಿಗೆ ಕಥೆ ಮುಗಿಸಿ, ಹೆಂಡತಿ ನಗಲೆಂದು ಕಾದರು.

ರಾಹೇಲ ನಗಲಿಲ್ಲ.

“ಏನ್ರಿ, ಗುಲ್ಜಾರಬಿ ಹೊಟ್ಟಿಗೆ ಅಂಜಿದ್ರಿ. ಪಾಸ್ಟರ್ ಹೊಟ್ಟಿಗೆ ಅಂಜಿದ್ರಿ. ಶಾಂತಯ್ಯನ ಹೊಟ್ಟಿಗೂ ಅಂಜಿದ್ರಿ. ಕಡೀಕ ಆಡಿನ ಹೊಟ್ಟಿಗೂ ಅಂಜಿದ್ರಿ. ನಿಮ್ಮ ಹೊಟ್ಟಿಗೆ ಯಾಕ ಅಂಜಲಿಲ್ಲ?”

ಮಾಸ್ತರರು ಕೆಮ್ಮಿದರು.

“ಸೋಮವಾರ ಡಬ್ಬಿ ತಗಿಯಾಕ ಹೋದಾಗ ಕೆಳಗ ನೀರು ಕಾಣಲಿಲ್ಲೇನು? ಮಂಗಳವಾರ ತಗದ ಡಬ್ಬಿ ಬೆಚ್ಚಗಿರಲಿಲ್ಲೇನು? ‘ಭರ್ಜರಿ ಆತು’ ಅಂದ್ರಿ?”

“ಭರ್ಜರಿ ಆಗಿದ್ದು ಖರೇನ ರಾಹೇಲ” ಎಂದು ಮಾಸ್ತರರು ಸಣ್ಣ ದನಿಯಲ್ಲಿ ಒಪ್ಪಿಕೊಂಡರು. “ರವಿವಾರ ನೀ ಬಸ್ ಹತ್ತಿದ ಮ್ಯಾಲೆ ಒಂದು ಡಬ್ಬಿ ತಗದಿದ್ನಿ. ಎರಡನೇ ತುತ್ತು ಇಳೀಲಿಲ್ಲ. ಅವತ್ತಿಂದ… ಬಸ್ ಸ್ಟಾಪಿನ ಹತ್ರ ಖಾನಾವಳಿ ಐತಲ್ಲ…”

“ರವಿವಾರ ನಾ ಹಸಗೊಂಡು ಬರತೇನಿ” ಎಂದಳು ರಾಹೇಲ. “ಆ ಖಾನಾವಳಿಯಿಂದ ಎರಡು ಊಟ ಕಟ್ಟಿಸಿ ಇಡ್ರಿ. ಒಂದ ಮಾತು, ಅವಕ್ಕ ನೀವು ಏನೂ ಮಾಡಾಕ ಹೋಗಬ್ಯಾಡ್ರಿ. ಬಿಸಿನೂ ಮಾಡಬ್ಯಾಡ್ರಿ.”